ಸ್ಪಾದಲ್ಲಿ ಅತ್ತೆಯ ಹರಳೆಣ್ಣೆ

ಕಳೆದ ವರ್ಷದ ಫೆಬ್ರುವರಿ. ಹುಬ್ಬಳ್ಳಿಯಿಂದ ಕೆನಡಾದ ಮಿಸಿಸಾಗದ ನಮ್ಮ ಮನೆಗೆ ಬಂದಿದ್ದ ಅತ್ತೆ ಊರಿಗೆ ಮರಳಲು ನಾಲ್ಕೇ ದಿನ ಉಳಿದಿತ್ತು. ಆರು ತಿಂಗಳಿಂದ ನಾನು ಏನು ಮಾಡಿದರೂ ಅವರ ಬಾಯಿಂದ ಬಂದದ್ದು 'ಅಡ್ಡಿಯಿಲ್ಲ' ಎಂಬ ಒಂದೇ ಮಾತು. ನನ್ನ ರೊಟ್ಟಿಗೂ ಅಡ್ಡಿಯಿಲ್ಲ, ನಯಾಗರಾಕ್ಕೂ ಅಡ್ಡಿಯಿಲ್ಲ! ಹೋಗುವ ಮೊದಲು ಒಮ್ಮೆಯಾದರೂ ಅವರಿಂದ 'ಛಲೋ' ಅನ್ನಿಸಿಕೊಳ್ಳಬೇಕೆಂದು ನನಗೆ ಹಟ.

ಅವರಿಗೆ ಮೊಣಕಾಲು ನೋವು. ಅದಕ್ಕೇ ಬಯಲಲ್ಲಿ ಬಿಸಿನೀರಿನ ಕೊಳಗಳಿರುವ ಒಂದು ಸ್ಪಾಗೆ ಕರೆದೊಯ್ದೆ. ಸುತ್ತ ಹಿಮ, ನಡುವೆ ಹಬೆಯಾಡುವ ನೀರು. ಅಲ್ಲಿ ಯಾರೂ ಮಾತಾಡುವಂತಿಲ್ಲ. ಶವರ್ ಮಾಡಿಯೇ ಕೊಳಕ್ಕಿಳಿಯಬೇಕು. ಅತ್ತೆ ಶವರ್ ಕೋಣೆಗೆ ಹೋಗಿ ಬಂದರು, ಮಾಡಿದ್ದಾರೆ ಅಂದುಕೊಂಡೆ.

ಕುತ್ತಿಗೆವರೆಗೆ ನೀರಲ್ಲಿ ಕೂತ ಅತ್ತೆ ಕಣ್ಣು ಮುಚ್ಚಿ ನಕ್ಕರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಪದರ ತೇಲತೊಡಗಿತು. ಪಕ್ಕದವರು ಮೆಲ್ಲಗೆ ದೂರ ಸರಿದರು. ಅತ್ತೆಯ ಕಿವಿಯಲ್ಲಿ ಕೇಳಿದರೆ, ಮನೆಯಲ್ಲೇ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿಕೊಂಡು ಬಂದಿದ್ದರಂತೆ! ಟೋಪಿ, ದಪ್ಪ ಜಾಕೆಟ್ಟಿನಡಿ ನನಗದು ತಿಳಿದಿರಲೇ ಇಲ್ಲ.

"ಮೊದಲ ತೊಳಕೊಂಡು ಇಳೀರಿ ಅಂದಿದ್ನಲ್ರೀ?"

"ಎಣ್ಣಿ ಹಚ್ಚಿದ್ದ ಬಿಸಿನೀರಾಗ ಕುಂದರಾಕ. ಮೊದಲ ತೊಳಕೊಂಡ್ರ ಹಚ್ಚಿದ್ದು ಯಾಕ?"

ನಾನು ಅಂಗೈಯಿಂದ ಎಣ್ಣೆಯ ಪದರವನ್ನು ದೂರ ತಳ್ಳತೊಡಗಿದೆ.

ಸ್ಪಾದ ಕೆಲಸದಾಕೆ ಬಂದು, ಇದು ಯಾರದೆಂದು ಪಿಸುದನಿಯಲ್ಲಿ ವಿಚಾರಿಸಿದಳು. ಅತ್ತೆಗೆ ಇಂಗ್ಲಿಷ್ ಬಾರದು, ಆದರೂ ವಿಷಯ ಚೆನ್ನಾಗಿ ಅರ್ಥವಾಯಿತು. ನೀರಿನಿಂದ ಕೈ ಎತ್ತಿ ನೇರ ನನ್ನತ್ತ ಬೆರಳು ತೋರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಈಗಷ್ಟೇ ನಕ್ಕಿದ್ದ ಮುಖ ಬಾಡಿದ್ದು ನೋಡಲಾಗದೆ, ನನ್ನದೇ ಎಂದು ಒಪ್ಪಿಕೊಂಡೆ. ಕೊಳದಿಂದ ಎಲ್ಲರನ್ನೂ ಎಬ್ಬಿಸಿದರು, ನಮ್ಮಿಬ್ಬರನ್ನು ಮನೆಗೇ ಕಳಿಸಿದರು. ಬೈದದ್ದೂ ಪಿಸುದನಿಯಲ್ಲೇ.

ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡೇ ಕಾರು ಓಡಿಸಿದೆ. ಮನೆ ತಲುಪಿದ್ದೇ ಅತ್ತೆ ನನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಉಳಿದಿದ್ದ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ನೆತ್ತಿಗೆ ಸುರಿದರು.

"ನನ್ನ ತಪ್ಪು ನಿನ್ನ ತಲಿ ಮ್ಯಾಲ ಹೊತಗೊಂಡಿ. ಎಣ್ಣಿನೂ ನಿನ್ನ ತಲಿಗೇ ಬೀಳ್ಲಿ."

ಮದುವೆಯಾಗಿ ಆರು ವರ್ಷದಲ್ಲಿ ಅವರ ಕೈ ನನ್ನ ತಲೆಗೆ ತಾಗಿದ್ದು ಅದೇ ಮೊದಲು. ಧೈರ್ಯ ಮಾಡಿ, ಸ್ಪಾ ಹೇಗಿತ್ತೆಂದು ಕೇಳಿದೆ. ಅತ್ತೆ ಇನ್ನೊಂದಿಷ್ಟು ಎಣ್ಣೆ ಸುರಿದು ತಟ್ಟಿದರು.

"ಸ್ಪಾ ಅಡ್ಡಿಯಿಲ್ಲ. ಸೊಸಿ ಭಾಳ ಛಲೋ ಅದಾಳ."

ಆ ಸ್ಪಾ ಕಡೆ ಮತ್ತೆ ತಲೆಹಾಕಲು ನನಗೆ ಇಂದಿಗೂ ನಾಚಿಕೆ. ಆದರೆ ಹರಳೆಣ್ಣೆಯ ವಾಸನೆ ಬಂದರೆ ಸಾಕು, ತಲೆ ತಾನಾಗಿಯೇ ಬಾಗುತ್ತದೆ.