ಕೆಂಗಣ್ಣು ಮತ್ತು ಕಾಡಿಗೆ ಡಬ್ಬಿ

ಬೆಳಿಗ್ಗೆ ಹತ್ತು ಗಂಟೆ; ಜಿಟಿಜಿಟಿ ಮಳೆ. ನಿಟ್ಟೂರಿನ ಅಂಗನವಾಡಿಯಲ್ಲಿ ದಾದಿ, ಮಗುವನ್ನೆತ್ತಿಕೊಂಡ ತಾಯಿ, ಆಕೆಯ ಅತ್ತೆ ಮತ್ತು ನಿವೃತ್ತಿಯ ನಂತರವೂ ಲಸಿಕೆಯ ಮೇಲ್ವಿಚಾರಣೆಗೆ ಬರುವ ನಾನು ಇದ್ದೆವು.

“ಹೋದ್ ವಾರ ಸೂಜಿ ಹಾಕ್ಸಿದ್ ಮಕ್ಳಿಗೆಲ್ಲ ಕೆಂಗಣ್ಣು ಬಂತು. ನಮ್ ಮಗೂಗೆ ಬ್ಯಾಡ,” ಎಂದರು ಅತ್ತೆ.

ಅದು ಅಂಟುರೋಗ, ಲಸಿಕೆಯಿಂದ ಬರುವುದಲ್ಲ ಎಂದು ಹೇಳಿ ಹೇಳಿ ನಾನು ದಣಿದಿದ್ದೆ. ಅಷ್ಟರಲ್ಲಿ ಅವರು ನೀರು ಸುರಿಯುತ್ತಿದ್ದ ತಮ್ಮ ಕಣ್ಣನ್ನೊರೆಸಿ, ಅದೇ ಬೆರಳನ್ನು ಕಾಡಿಗೆ ಡಬ್ಬಿಗೆ ಅದ್ದಿದರು. ದೃಷ್ಟಿಯಾಗದಿರಲೆಂದು ಸೂಜಿಗೆ ಬಂದ ಮಕ್ಕಳಿಗೆಲ್ಲ ಕಾಡಿಗೆ ಹಚ್ಚುವುದು ಅವರ ರೂಢಿ; ಹೋದ ವಾರವೂ ಹಚ್ಚಿದ್ದರು.

“ನಿಲ್ಲಿಸಿ! ನಿಮ್ಮ ಕಣ್ಣೂ ಕೆಂಪಾಗಿದೆ. ನಿಮಗೆ ಯಾರು ಲಸಿಕೆ ಹಾಕಿದರು?”

“ನಂಗ್ಯಾರು ಹಾಕ್ತಾರೆ ಸಾರ್? ನಂದು ಮಕ್ಳಿಗಿಂತ ಮೊದ್ಲೇ ಬಂದಿತ್ತು.”

ಮಾತು ಮುಗಿಯುತ್ತಲೇ ಅವರ ದೃಷ್ಟಿ ಬೆರಳಿನ ಮೇಲೆ ನಿಂತಿತು. ಸೊಸೆಯೂ ಅತ್ತಲೇ ನೋಡುತ್ತಿದ್ದಳು.

“ಸೂಜಿ ಹಾಕ್ಸೇ,” ಎಂದರು ಕೊನೆಗೆ. “ತಪ್ಪೆಲ್ಲ ಈ ಡಬ್ಬಿದು.”