ಉಷ್ಣ ಅಂತ ಹೇಳಿದ್ದು ನಾನೇ

ಬೆಳಿಗ್ಗೆ ಅಡುಗೆಮನೆಗೆ ಹೋದರೆ ನೆನೆದ ಮೆಂತ್ಯದ ವಾಸನೆ. ಬಾಯಲ್ಲಿ ಹುಣ್ಣಾಗಿದೆ ಅಂತ ನಮ್ಮ ಯಜಮಾನರು ನೆನೆಹಾಕಿಕೊಂಡಿದ್ದರಂತೆ. ಉಷ್ಣ ಅಂದರು. ಆ ಪದ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಲೋಟ ಎತ್ತಿ ಸಿಂಕಿಗೆ ಸುರಿದೆ. ಪಾಪ, ಅವರದೇನೂ ತಪ್ಪಿಲ್ಲ.

ನೀವು ನಮ್ಮ ಕಡೆಯವರಾದರೆ ಬಲ್ಲಿರಿ. ಕಣ್ಣುರಿದರೆ ಉಷ್ಣ, ಕೂದಲು ಉದುರಿದರೆ ಉಷ್ಣ, ಸೊಸೆ ಎದುರು ಮಾತಾಡಿದರೂ ಉಷ್ಣ. ಹೆಂಗಸರ ನಡುವೆ ಈ ಪದಕ್ಕೆ ಇನ್ನೊಂದು ಕೆಲಸವಿದೆ. ಬಿಳಿ ಹೋಗುವುದನ್ನು, ಅಂದರೆ ಬಿಳಿಸೆರಗನ್ನು, ಬಾಯಿಬಿಟ್ಟು ಹೇಳಲಾಗದೆ ಅದಕ್ಕೂ ಉಷ್ಣ ಎಂದುಬಿಡುತ್ತೇವೆ. ಹನಕೆರೆಯಲ್ಲಿ ರೈಲು ಹತ್ತಿ ಮಂಡ್ಯ ಮುಟ್ಟುವುದರೊಳಗೆ ಗಂಡನ ಸೋಮಾರಿತನ, ಓರಗಿತ್ತಿಯ ಒಡವೆ ಎಲ್ಲವನ್ನೂ ಗಟ್ಟಿಯಾಗಿ ಆಡಿಕೊಳ್ಳುವ ನಮಗೆ ಈ ಒಂದು ಮಾತಿಗೆ ನಾಲಿಗೆ ಏಳುವುದಿಲ್ಲ.

ಐದು ವರ್ಷದ ಹಿಂದಿನ ಮಾತು. ಕೆರಗೋಡಿಗೆ ಕೊಟ್ಟಿದ್ದ ನನ್ನ ತಂಗಿ ಸಾವಿತ್ರಿ ಆರು ತಿಂಗಳ ಬಸುರಿ. ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಕರೆದು, ಬಿಳಿ ಹೋಗುತ್ತಿದೆ, ಮೀನಿನಂಥ ವಾಸನೆ ಎಂದು ಪಿಸುಗುಟ್ಟಿದಳು. ಎರಡು ಹೆತ್ತ ಪಂಡಿತೆ ನಾನು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಎಳನೀರು ಕುಡಿಸಿದೆ. ವಾರ ಕಳೆದರೂ ನಿಲ್ಲಲಿಲ್ಲ. ಡಾಕ್ಟರಿಗೆ ನಾನೇ ಹೇಳುತ್ತೇನೆ ಎಂದು ತಪಾಸಣೆಗೆ ಜೊತೆ ಹೋದೆ. ಬೇರೆ ಸೀಮೆಯಿಂದ ಬಂದಿದ್ದ ಎಳೆಯ ಡಾಕ್ಟರು, ಮತ್ತೇನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಸಾವಿತ್ರಿಯ ಅತ್ತೆ ಪಕ್ಕದಲ್ಲೇ ನಿಂತಿದ್ದರು.

"ಒಸಿ ಉಷ್ಣ ಆಗ್ಯದೆ ಡಾಕ್ಟ್ರೇ," ಅಂದೆ.

ಅವರು ಥರ್ಮಾಮೀಟರು ಇಟ್ಟು ನೋಡಿ, ಜ್ವರವೇನೂ ಇಲ್ಲ ಎಂದು ಕಳಿಸಿದರು. ಹೇಳುವುದನ್ನು ಹೇಳಿದ್ದಾಯಿತಲ್ಲ ಎಂದು ನಾನು ಕ್ಯಾಂಟೀನಿನಲ್ಲಿ ನೆಮ್ಮದಿಯಾಗಿ ಕಾಫಿ ಕುಡಿದೆ.

ಏಳು ತುಂಬುವ ಮೊದಲೇ ಸಾವಿತ್ರಿಗೆ ಹೆರಿಗೆಯಾಯಿತು. ಕೂಸು ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇತ್ತು, ಅಷ್ಟೆ. ಹಿರಿಯ ಡಾಕ್ಟರಮ್ಮ ಒಬ್ಬರು ಬಿಳಿ ಹೋಗುತ್ತಿತ್ತೇ, ವಾಸನೆ ಇತ್ತೇ ಎಂದು ನೇರವಾಗಿ ಕೇಳಿದರು. ಹೌದೆಂದು ತಲೆಯಾಡಿಸಿದೆ. ಅಂಥ ಸೋಂಕಿದ್ದವರಲ್ಲಿ ಕೆಲವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುತ್ತದೆ, ಇವಳಿಗೂ ಅದರಿಂದಲೇ ಆಯಿತೆಂದು ಖಂಡಿತ ಹೇಳಲಾರೆ, ಆದರೆ ಆಗ ಪರೀಕ್ಷೆ ಮಾಡಿಸಿದ್ದರೆ ಮಾತ್ರೆ ಕೊಡಬಹುದಿತ್ತು ಎಂದರು. ಸಾವಿತ್ರಿ ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೂ ಹಗುರವಾಗುತ್ತಿತ್ತು.

ಈಗ ಅವಳಿಗೆ ಮತ್ತೆ ನಾಲ್ಕು ತಿಂಗಳು, ತೊಂದರೆಯೂ ಅದೇ. ಇವತ್ತು ತಪಾಸಣೆಗೆ ಮಂಡ್ಯಕ್ಕೆ ಅವಳ ಜೊತೆ ಹೋದೆ. ಸಾಲಿನಲ್ಲಿ ಗಂಡಸರೂ ಇದ್ದರು. ನರ್ಸು ಮೇಜಿನಿಂದಲೇ ಏನು ತೊಂದರೆ ಎಂದು ಕೂಗಿದರು. ಐದು ವರ್ಷ ಆ ಪದವನ್ನು ಬೈದುಕೊಂಡು ತಿರುಗಿದ ನನ್ನ ಬಾಯಿಂದ ಏನು ಬಂತು ಅಂತೀರಿ? ಅದೇ ಉಷ್ಣ. ನನಗೆ ಬುದ್ಧಿ ಬರುವುದು ಯಾವ ಕಾಲಕ್ಕೋ.

"ಉಷ್ಣ ಅಲ್ಲ, ಬುಡು ಅಕ್ಕ," ಅಂದಳು ಸಾವಿತ್ರಿ, ಸಾಲಿಗೆಲ್ಲ ಕೇಳುವಂತೆ. "ಬಿಳಿ ಓಯ್ತದೆ ಸಿಸ್ಟರ್. ವಾಸ್ನೆ ಬತ್ತದೆ. ಓದ್ಸಲ ಕೂಸು ಉಳೀಲಿಲ್ಲ. ಪರೀಕ್ಸೆ ಮಾಡ್ಬುಡಿ."

ಗಂಡಸರು ಗೋಡೆ ನೋಡಿದರು. ನರ್ಸು ಚೀಟಿ ಬರೆದು ಅವಳನ್ನು ಒಳಗೆ ಕಳಿಸಿದರು. ಆಗ ನನ್ನ ಹಿಂದೆ ನಿಂತಿದ್ದ ಕೊಪ್ಪದ ಕಡೆಯ ಬಸುರಿ ಹುಡುಗಿಯೊಬ್ಬಳು ಮೆಲ್ಲಗೆ ನನ್ನ ತೋಳು ಮುಟ್ಟಿ, ತನಗೂ ಹಾಗೇ ಆಗುತ್ತಿದೆ, ತನ್ನ ಪರವಾಗಿ ನೀವೇ ಹೇಳಿಬಿಡಿ ಎಂದಳು.

ನಾನು ಅವಳನ್ನು ಮೇಜಿನ ಮುಂದಕ್ಕೆ ನೂಕಿದೆ.

"ನೀನೇ ಯೋಳು ಕಣಮ್ಮ. ನನ್ನ ಮಾತ್ರ ನಂಬ್ಕೋಬ್ಯಾಡ."