ಏಳು ಕಮಾನಿನ ನೋಟು

ನಮ್ಮ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು. ನಿವೃತ್ತಿಯಾದ ಮರುತಿಂಗಳೇ, ಬೀಗದ ಕೈ ಮಾಡುವವನ ಅಂಗಡಿಗೂ ವಾಚು ರಿಪೇರಿಯವನ ಅಂಗಡಿಗೂ ನಡುವೆ, ಮಹಡಿ ಮೆಟ್ಟಿಲ ಕೆಳಗಿನ ಜಾಗವನ್ನು ಬಾಡಿಗೆಗೆ ಹಿಡಿದು, ಹಳೆಯ ಮತ್ತು ಅಪರೂಪದ ನೋಟುಗಳನ್ನು ಕೊಂಡು ಮಾರುವ ಅಂಗಡಿ ತೆರೆದಳು. ಸ್ವಲ್ಪ ಎತ್ತರದವರಾದರೆ ಬಗ್ಗಿಯೇ ಒಳಗೆ ಬರಬೇಕು. "ಬ್ಯಾಂಕಲ್ಲಿದ್ದಾಗ ಯಾರೂ ನನಗೆ ತಲೆಬಾಗಲಿಲ್ಲ, ಈಗ ನೋಡು" ಎಂದು ನಗುತ್ತಿದ್ದಳು.

ಬೀದಿಯವರು ಅವಳನ್ನು ನೋಟಮ್ಮ ಎಂದೇ ಕರೆಯುತ್ತಿದ್ದರು. ಬೆರಳಿಗೆ ಎಂಜಲು ಹಚ್ಚಿ ನೋಟು ಮುಟ್ಟುವವರನ್ನು ಕಂಡರೆ ಅವಳು ಕೆಂಡಾಮಂಡಲವಾಗುತ್ತಿದ್ದಳು. ನೋಟನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು, ಮಡಿಕೆ ಎಷ್ಟು, ಮೂಲೆ ಸವೆದಿದೆಯೇ, ಸಂಖ್ಯೆ ಏನು ಎಂದು ನೋಡಿದ ಮೇಲೆಯೇ ಬೆಲೆ ಹೇಳುವುದು. ಒಮ್ಮೆ ಯಾರೋ ಹೆಂಗಸು ಚೆನ್ನಾಗಿ ಕಾಣಲಿ ಎಂದು ನೋಟಿಗೆ ಇಸ್ತ್ರಿ ಹಾಕಿ ತಂದಾಗ ದೊಡ್ಡಮ್ಮ ಹಣೆ ಚಚ್ಚಿಕೊಂಡು, "ತಾಯಿ, ಇದು ನೋಟು, ನಿಮ್ಮ ಯಜಮಾನರ ಅಂಗಿ ಅಲ್ಲ" ಎಂದಿದ್ದಳು.

ಅವಳಿಗೆ ಬೇಸರ ತರಿಸುತ್ತಿದ್ದುದು ಸೇತುವೆ ನೋಟು ಒಂದೇ. ಹದಿನೆಂಟು ವರ್ಷದ ಹಿಂದೆ ನದಿಯ ದೊಡ್ಡ ಸೇತುವೆಗೆ ಇಪ್ಪತ್ತೈದು ತುಂಬಿದಾಗ, ಅದರ ನೆನಪಿಗೆಂದು ಸೇತುವೆಯ ಚಿತ್ರವಿದ್ದ ನೂರರ ನೋಟು ಬಂದಿತ್ತು. ಮುಂದೆ ಚಿನ್ನದ ಬೆಲೆ ಬರುತ್ತದೆಂದು ಊರಿಗೆ ಊರೇ ಸಾಲಿನಲ್ಲಿ ನಿಂತು ಪಡೆದು ಬಚ್ಚಿಟ್ಟಿತು. ಎಲ್ಲರೂ ಬಚ್ಚಿಟ್ಟ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ದೊಡ್ಡಮ್ಮನ ಬಳಿಯೇ ಒಂದು ಡ್ರಾಯರು ತುಂಬ ಇದ್ದವು. ಯಾರಾದರೂ ಅದನ್ನು ತಂದರೆ ಭೂತಗನ್ನಡಿಯನ್ನೂ ಎತ್ತುತ್ತಿರಲಿಲ್ಲ.

ಆ ಮಂಗಳವಾರ ನಾನು ರಜೆ ಹಾಕಿ ಅವಳ ಅಂಗಡಿಯಲ್ಲೇ ಕೂತಿದ್ದೆ. ಬೆಳಿಗ್ಗೆ ಸಮವಸ್ತ್ರದಲ್ಲಿದ್ದ ಬಸ್ ಡ್ರೈವರೊಬ್ಬ ಬಗ್ಗಿ ಒಳಗೆ ಬಂದು, ಲೈಸೆನ್ಸಿನ ಕವರಿನಿಂದ ಸೇತುವೆ ನೋಟು ತೆಗೆದು ಕೊಟ್ಟ.

"ಹದಿನೆಂಟು ವರ್ಷದಿಂದ ಇಟ್ಕೊಂಡಿದೀನಮ್ಮ. ಏನಾದ್ರೂ ಬರತ್ತಾ?"

ದೊಡ್ಡಮ್ಮ ಒಂದು ಸಲ ಕಣ್ಣು ಹಾಯಿಸಿದಳು. "ಸರಿಯಾಗಿ ನಡು ಕಮಾನಿನ ಮೇಲೇ ಮಡಿಕೆ ಬಿದ್ದಿದೆಯಲ್ಲಪ್ಪ. ಮಡಿಕೆ ಇಲ್ದಿದ್ರೂ ಅಷ್ಟೇ ಅನ್ನು. ನೂರಕ್ಕೆ ನೂರೇ."

"ಹೋಗ್ಲಿ ಬಿಡಿ, ನಷ್ಟ ಅಂತೂ ಆಗ್ಲಿಲ್ಲ" ಎಂದು ಅವನು ನೋಟು ವಾಪಸು ತೆಗೆದುಕೊಂಡು ನಗುತ್ತಲೇ ಹೋದ.

ಮಧ್ಯಾಹ್ನ ದೊಡ್ಡಪ್ಪ ಊಟದ ಕ್ಯಾರಿಯರ್ ಜೊತೆಗೆ ಅಂಚೆಯಲ್ಲಿ ಬಂದ ನೋಟು ಸಂಗ್ರಹಕಾರರ ಪತ್ರಿಕೆಯನ್ನೂ ತಂದರು. ದೊಡ್ಡಮ್ಮ ತುತ್ತು ಬಾಯಿಗಿಡುತ್ತಾ ಪುಟ ತಿರುಗಿಸಿದವಳು ತುತ್ತನ್ನು ಹಾಗೇ ತಟ್ಟೆಗೆ ಹಾಕಿಬಿಟ್ಟಳು. ಸೇತುವೆ ನೋಟಿನ ಮೊದಲ ಕೆಲವು ಕಟ್ಟುಗಳಲ್ಲಿ ಎಂಟು ಕಮಾನಿನ ಬದಲು ಏಳೇ ಅಚ್ಚಾಗಿದ್ದವಂತೆ. ತಪ್ಪು ತಿಳಿದು ತಡೆಯುವಷ್ಟರಲ್ಲಿ ನಾಲ್ಕಾರು ನೂರು ಹೊರಗೆ ಹೋಗಿದ್ದವಂತೆ.

"ರೀ, ಎಂಟು ಕಮಾನಿದ್ರೆ ನಟ್ಟನಡುವೆ ಏನು ಬರತ್ತೆ?"

"ಕಂಬ ಬರತ್ತೆ. ಯಾಕೆ?" ಎಂದರು ದೊಡ್ಡಪ್ಪ.

"ಆ ಡ್ರೈವರ್ ನೋಟಲ್ಲಿ ನಡುವೆ ಕಮಾನಿತ್ತು! ನನ್ನ ಬಾಯಿಂದಲೇ ಹೇಳಿದ್ದೆ!"

ಕೈ ತೊಳೆದದ್ದೂ ಅವಸರದಲ್ಲೇ. "ಯಾರಿಗೂ ಗೊತ್ತಿಲ್ಲವಲ್ಲ, ಸುಮ್ಮನಿರು" ಎಂದು ದೊಡ್ಡಪ್ಪ ಹೇಳಿ ನೋಡಿದರು. "ನಂಗೆ ಗೊತ್ತಲ್ಲ" ಎಂದ ದೊಡ್ಡಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು. ಸ್ಟಾಪಿನಲ್ಲಿ ನಿಂತು ಬಂದ ಬಸ್ಸುಗಳ ಡ್ರೈವರ್ ಸೀಟನ್ನೆಲ್ಲ ಇಣುಕಿ ನೋಡಿದೆವು; ಮೂರನೆಯದರಲ್ಲಿ ಅವನೇ ಸಿಕ್ಕ. ದೊಡ್ಡಮ್ಮ ಬಸ್ಸಿನ ಮುಂದೆ ನಿಂತು ಎರಡೂ ಕೈ ಎತ್ತಿದಳು.

"ಅಮ್ಮ, ಹತ್ತೋದಾದ್ರೆ ಬಾಗಿಲು ಆ ಕಡೆ ಇದೆ!"

"ನೋಟೆಲ್ಲಪ್ಪ? ನಾನು ತಪ್ಪು ಹೇಳ್ಬಿಟ್ಟೆ. ಅದು ಸಾವಿರಾರು ಬಾಳತ್ತೆ!"

ಡ್ರೈವರು ಹಣೆಗೆ ಕೈ ಹಚ್ಚಿದ. "ನೀವು ನೂರೇ ಅಂದ್ರಲ್ಲ, ಅಲ್ಲೇ ಪಕ್ಕದಲ್ಲಿ ಮನೆ ಬೀಗಕ್ಕೆ ಇನ್ನೊಂದು ಕೀ ಮಾಡಿಸ್ಬಿಟ್ಟೆ."

"ಪರವಾಗಿಲ್ಲ ಬಿಡಿ, ಬೆಲೆಬಾಳೋ ಕೀ ಆಯ್ತು!" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಬಸ್ಸೆಲ್ಲ ನಕ್ಕಿತು. ಅವನೂ ನಕ್ಕ, ಆದರೆ ಮುಖ ಸಣ್ಣದಾಗಿತ್ತು. ದೊಡ್ಡಮ್ಮನಿಗೆ ಅದನ್ನು ನೋಡಲಾಗಲಿಲ್ಲ. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನೋಟನ್ನಾದ್ರೂ ಹುಡುಕಿ ತರ್ತೀನಿ" ಎಂದು ವಾಪಸು ಹೊರಟಳು.

ಬೀಗದ ಕೈಯವನು ಆ ನೋಟನ್ನು ತರಕಾರಿಯವಳಿಗೆ ಕೊಟ್ಟಿದ್ದ. ತರಕಾರಿಯವಳು ಬೀದಿ ಕೊನೆಯ ಬೇಕರಿಯಲ್ಲಿ ಚಿಲ್ಲರೆ ಮಾಡಿಸಿದ್ದಳು. ದೊಡ್ಡಮ್ಮ ಮುಂದೆ, ಏದುಸಿರು ಬಿಡುತ್ತಾ ನಾನು ಹಿಂದೆ. ಬೇಕರಿಯ ಯಜಮಾನಿ, ಐವತ್ತು ದಾಟಿದ ದಪ್ಪ ಹೆಂಗಸು, ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕಿರಲಿಲ್ಲ. ಮೇಜಿನ ಗಾಜಿನ ಅಡಿಯಲ್ಲಿ ಇಟ್ಟುಬಿಟ್ಟಿದ್ದಳು. ದೊಡ್ಡಮ್ಮ ಬಗ್ಗಿ ಬೆರಳಿಟ್ಟು ಎಣಿಸಿದಳು. ಏಳು.

ಬೇರೆ ವ್ಯಾಪಾರಿಯಾಗಿದ್ದರೆ ನೂರು ಕೊಟ್ಟು ತೆಗೆದುಕೊಳ್ಳುತ್ತಿದ್ದನೋ ಏನೋ. ದೊಡ್ಡಮ್ಮ ಅಲ್ಲೇ ನಿಂತು, ನೋಟಿಗೆ ಸಾವಿರಾರು ಬರುತ್ತದೆಂದೂ ಬಸ್ ಡ್ರೈವರೊಬ್ಬ ಅದನ್ನು ಹದಿನೆಂಟು ವರ್ಷ ಇಟ್ಟುಕೊಂಡಿದ್ದನೆಂದೂ ಹೇಳಿದಳು.

ಬೇಕರಿಯಾಕೆ ತಲೆಯಾಡಿಸಿದಳು. "ಎಷ್ಟಾದ್ರೂ ಬರ್ಲಿ, ನಾನು ಕೊಡಲ್ಲ. ನಮ್ಮಪ್ಪ ಆ ಸೇತುವೆಯಲ್ಲಿ ಗಾರೆ ಕೆಲಸ ಮಾಡಿದ್ರು. ನಾನು ಚಿಕ್ಕೋಳು, ದಿನಾ ಬುತ್ತಿ ತಗೊಂಡು ಹೋಗ್ತಿದ್ದೆ."

ದೊಡ್ಡಮ್ಮ ಮತ್ತೊಮ್ಮೆ ಗಾಜಿನ ಮೇಲೆ ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ, "ನಿಮ್ಮಪ್ಪ ಎಷ್ಟು ಕಮಾನು ಕಟ್ಟಿದ್ರು?" ಎಂದಳು.

"ಎಂಟು. ಯಾಕೆ?"

"ಇದ್ರಲ್ಲಿ ಎಣಿಸಿ."

ಬೇಕರಿಯಾಕೆ ಎಣಿಸಿದಳು. ಮತ್ತೆ ಎಣಿಸಿದಳು. ಸಿಟ್ಟಿನಿಂದ ಅವಳ ಮುಖ ಕೆಂಪಾಯಿತು. "ಅಲ್ರೀ, ನಮ್ಮಪ್ಪನ ಒಂದು ಕಮಾನು ನುಂಗಿ ನೀರು ಕುಡಿದಿದ್ದಾರಲ್ರೀ! ತೆಗೀರಿ ಇದನ್ನ ಇಲ್ಲಿಂದ!"

ದೊಡ್ಡಮ್ಮ ನನ್ನನ್ನು ಅಂಗಡಿಗೆ ಓಡಿಸಿದಳು. ಡ್ರಾಯರಿನಲ್ಲಿದ್ದ ಸೇತುವೆ ನೋಟುಗಳಲ್ಲಿ ಗರಿಗರಿಯಾದ ಒಂದನ್ನು ತಂದುಕೊಟ್ಟೆ. ಎಂಟು ಕಮಾನುಗಳು ಗಾಜಿನ ಅಡಿ ಸೇರಿದ ಮೇಲೆಯೇ ಬೇಕರಿಯಾಕೆಯ ಸಿಟ್ಟು ಇಳಿದದ್ದು.

"ನೋಟು ಈಗ ನಿಮ್ಮದು. ಮಾರಿದ ಹಣವೂ ನಿಮ್ಮದೇ" ಎಂದಳು ದೊಡ್ಡಮ್ಮ.

"ನನ್ನ ಹತ್ರ ಅರ್ಧ ದಿನ ಇತ್ತು, ಅವನ ಹತ್ರ ಹದಿನೆಂಟು ವರ್ಷ. ಅರ್ಧ ಅವನಿಗೆ ಕೊಡಿ. ಇಲ್ದಿದ್ರೆ ನಂಗೆ ನಿದ್ದೆ ಬರಲ್ಲ."

ದೊಡ್ಡಮ್ಮ ನೋಟನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿ, ನಾಲ್ಕು ಸಂಗ್ರಹಕಾರರಿಗೆ ಫೋಟೋ ಕಳಿಸಿದಳು. ಮಡಿಕೆ ಇರುವುದನ್ನು ಮುಚ್ಚಿಡದೆ ಬರೆದಳು. ಪರ ಊರಿನ ಹಲ್ಲಿನ ಡಾಕ್ಟರೊಬ್ಬರು ವಾರವೆಲ್ಲ ಫೋನಿನಲ್ಲಿ ಚೌಕಾಸಿ ಮಾಡಿ, ಕೊನೆಗೆ ಮೂವತ್ತಾರು ಸಾವಿರಕ್ಕೆ ಒಪ್ಪಿದರು. ದೊಡ್ಡಮ್ಮ ಅದರಲ್ಲಿ ಕಮಿಷನ್ ಮುಟ್ಟಲಿಲ್ಲ. "ಕಣ್ಣು ಮುಚ್ಚಿ ಬೆಲೆ ಹೇಳಿದ್ದಕ್ಕೆ ದಂಡ" ಎಂದಳು.

ಸುದ್ದಿ ಬಸ್ಸಿನಷ್ಟೇ ಬೇಗ ಊರೆಲ್ಲ ಸುತ್ತಿತು. ಹದಿನೈದು ದಿನ ಅಂಗಡಿ ಮುಂದೆ ಸೇತುವೆ ನೋಟು ಹಿಡಿದವರ ಸಾಲು. ದೊಡ್ಡಮ್ಮ ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿ, ಕಮಾನು ಎಣಿಸಿ ವಾಪಸು ಕೊಟ್ಟಳು. ಎಲ್ಲದರಲ್ಲೂ ಎಂಟೇ. ಆದರೂ ಯಾರ ಮೇಲೂ ಗೊಣಗಲಿಲ್ಲ.

ಡ್ರೈವರು ತನ್ನ ಪಾಲಿನ ಹಣದಲ್ಲಿ ಹೆಂಡತಿಗೆ ಹೊಲಿಗೆ ಯಂತ್ರ ತಂದ. ಒಂದು ದಿನ ಆಕೆಯೇ ಅಂಗಡಿಗೆ ಬಂದು, "ಬಸ್ಸಿಗೆ ಅಡ್ಡ ನಿಂತೋರು ನೀವೇನಾ?" ಎಂದು ಬಾಯ್ತುಂಬ ನಕ್ಕು, ನೋಟುಗಳನ್ನು ಹರಡಲು ತಾನೇ ಹೊಲಿದ ಕಪ್ಪು ಬಟ್ಟೆಯೊಂದನ್ನು ಕೊಟ್ಟಳು. ಅಂಚು ಸೊಟ್ಟಗಿತ್ತು. "ಮೊದಲನೇ ಹೊಲಿಗೆ, ಬೈಬೇಡಿ" ಎಂದಳು. ದೊಡ್ಡಮ್ಮ ಮೇಜಿನ ಮೇಲಿದ್ದ ಹಳೆಯ ಬಟ್ಟೆಯನ್ನು ತೆಗೆದು, ಊಟ ತಂದಿದ್ದ ದೊಡ್ಡಪ್ಪನ ಕೈಗೆ ಕೊಟ್ಟು, ಹೊಸದನ್ನು ಹಾಸಿ ಎರಡೂ ಕೈಯಿಂದ ಸವರಿದಳು.